ಕಾಯ್ದೆ ಓದುವ ಮೊದಲು ಅದರ ತಾರೀಖು ನೋಡಿ

ಹೊಲ ಕೊಳ್ಳಲು ಹೊರಟವರಿಗೆ ‘ನಿಮಗೆ 79ಎ ಅಡ್ಡ ಬರತದ’ ಎಂದು ಹೇಳುವವರು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಈಗಲೂ ಸಿಗುತ್ತಾರೆ. ಹೇಳಿದವರು ಸುಳ್ಳು ಹೇಳುತ್ತಿಲ್ಲ, ಅವರ ಕೈಯಲ್ಲಿ ಭೂಸುಧಾರಣಾ ಕಾಯ್ದೆಯ ಪುಸ್ತಕವೇ ಇರುತ್ತದೆ. ತೊಡಕು ಇರುವುದು ಪುಸ್ತಕ ಅಚ್ಚಾದ ವರ್ಷದಲ್ಲಿ. ಕೃಷಿಯೇತರ ವಾರ್ಷಿಕ ಆದಾಯ ಒಂದು ಮಿತಿ ದಾಟಿದವರು ಹೊಲ ಕೊಳ್ಳುವಂತಿಲ್ಲ ಎಂದದ್ದು ಆ ಕಾಯ್ದೆಯ 79ಎ ಪ್ರಕರಣ, ಅಂದರೆ ಕಲಂ. ಇಪ್ಪತ್ತು ವರ್ಷದ ಹಿಂದಿನ ಪ್ರತಿಯಲ್ಲಿ ಆ ಆದಾಯ ಮಿತಿ ಎರಡು ಲಕ್ಷ ರೂಪಾಯಿ. 2015ರ ತಿದ್ದುಪಡಿ ಸೇರಿದ ಪ್ರತಿಯಲ್ಲಿ ಇಪ್ಪತ್ತೈದು ಲಕ್ಷ. 2020ರ ನಂತರದ ಪ್ರತಿಯಲ್ಲಿ ಆ ಜಾಗದಲ್ಲಿ ಪ್ರಕರಣವೇ ಇಲ್ಲ, ಒಂದು ಅಡಿಟಿಪ್ಪಣಿ ಮಾತ್ರ. ಮೂರು ಪುಸ್ತಕಗಳೂ ತಮ್ಮ ತಮ್ಮ ಕಾಲಕ್ಕೆ ಸರಿ. ಆದ್ದರಿಂದ ‘ಕಾಯ್ದೆಯಲ್ಲಿ ಏನಿದೆ’ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಯಾವ ತಾರೀಖಿನಂದು, ಯಾವ ಪ್ರದೇಶದಲ್ಲಿ ಎಂಬುದೂ ಸೇರಿದಾಗಲೇ ಅದು ಪೂರ್ತಿಯಾಗುತ್ತದೆ. ವಕೀಲರಲ್ಲದವರೂ ಆ ಪೂರ್ತಿ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಳ್ಳುವ ದಾರಿ ಇಲ್ಲಿದೆ.

ಕಾಯ್ದೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಉಳಿಯುತ್ತದೆ

ವಿಧೇಯಕ ವಿಧಾನಸಭೆ, ವಿಧಾನ ಪರಿಷತ್ತು ಎರಡನ್ನೂ ದಾಟಿ ಸಂವಿಧಾನದ 200ನೇ ಅನುಚ್ಛೇದದಂತೆ ರಾಜ್ಯಪಾಲರ ಮುಂದೆ ಹೋಗುತ್ತದೆ. ಕೆಲವನ್ನು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಾಯ್ದಿರಿಸುತ್ತಾರೆ. ಅನುಮತಿ ಸಿಕ್ಕ ಮೇಲೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆ ಅದಕ್ಕೆ ಆ ವರ್ಷದ ಅಧಿನಿಯಮ ಸಂಖ್ಯೆ ಕೊಟ್ಟು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಅಧಿಕೃತ ಪಠ್ಯ ಎಂದರೆ ಅದೇ. ಆಮೇಲೆ ತಿದ್ದುಪಡಿಗಳು ಬಂದಂತೆಲ್ಲ ಅವನ್ನು ಮೂಲಕ್ಕೆ ಹೆಣೆದು, ಅಡಿಟಿಪ್ಪಣಿ ಹಾಕಿ, ಓದಲು ಅನುಕೂಲವಾಗುವಂತೆ ಮಾಡಿದ್ದು ಸಂಕಲಿತ ಪಠ್ಯ. ಇಲಾಖೆಯ ಜಾಲತಾಣದಲ್ಲಿ ಸಿಗುವುದು, ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ ಸಿಗುವುದು, ಖಾಸಗಿ ಪ್ರಕಾಶಕರು ಮಾರುವುದು, ಎಲ್ಲವೂ ಇದೇ ಬಗೆಯವು. ಹೆಣೆಯುವಾಗ ಕೈತಪ್ಪು ಆಗುತ್ತದೆ. ಸಂಕಲಿತ ಪಠ್ಯಕ್ಕೂ ರಾಜ್ಯಪತ್ರಕ್ಕೂ ವ್ಯತ್ಯಾಸ ಕಂಡರೆ ರಾಜ್ಯಪತ್ರವೇ ಪ್ರಮಾಣ.

ಹಾಗೆಂದು ರಾಜ್ಯಪತ್ರದಿಂದ ಹುಡುಕಾಟ ಶುರು ಮಾಡಬೇಡಿ. ತಿದ್ದುಪಡಿ ಅಧಿನಿಯಮ ಒಂದನ್ನೇ ತೆರೆದರೆ ‘ಮೂಲ ಅಧಿನಿಯಮದ 5ನೇ ಪ್ರಕರಣದಲ್ಲಿ ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎಂಬ ಸಾಲುಗಳಷ್ಟೇ ಕಾಣುತ್ತವೆ, ಬುಡ ತಲೆ ಗೊತ್ತಾಗುವುದಿಲ್ಲ. ಮೊದಲು ಸಂಕಲಿತ ಪಠ್ಯ ಹಿಡಿಯಿರಿ, ಅದನ್ನು ರಾಜ್ಯಪತ್ರದಿಂದ ತಾಳೆ ನೋಡಿ.

1. ನಿಮ್ಮ ಊರಿಗೆ ಯಾವ ಕಾಯ್ದೆ

ಒಂದೇ ಕೆಲಸಕ್ಕೆ ಊರಿನಿಂದ ಊರಿಗೆ ಕಾಯ್ದೆ ಬೇರೆ. ಮನೆ ಕಟ್ಟುವ ಪರವಾನಿಗೆ ಅಥವಾ ಆಸ್ತಿ ತೆರಿಗೆ ತೆಗೆದುಕೊಳ್ಳಿ. ಹುಬ್ಬಳ್ಳಿ-ಧಾರವಾಡ ಮಹಾನಗರದವರಿಗೆ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಅಧಿನಿಯಮ 1976. ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರು ನಗರಸಭೆಗಳವರಿಗೆ ಕರ್ನಾಟಕ ಮುನಿಸಿಪಾಲಿಟಿಗಳ ಅಧಿನಿಯಮ 1964. ಹಳ್ಳಿಯವರಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ. ಇದರ ಹೆಸರಿಗೆ ಆಮೇಲೆ ‘ಗ್ರಾಮ ಸ್ವರಾಜ್’ ಸೇರಿಕೊಂಡಿದೆ, ಹಳೆ ಹೆಸರಿನಿಂದ ಹುಡುಕಿದರೆ ಪಟ್ಟಿಯಲ್ಲಿ ಬೇರೆ ಅಕ್ಷರದ ಕೆಳಗೆ ಸಿಗಬಹುದು. ಊರಂಚಿನ ಬಡಾವಣೆಯಾದರೆ ಆ ಸರ್ವೆ ನಂಬರು ಸ್ಥಳೀಯ ಸಂಸ್ಥೆಯ ಗಡಿಯೊಳಗೆ ಬಂದಿದೆಯೇ, ಯಾವ ಅಧಿಸೂಚನೆಯಿಂದ ಬಂತು ಎಂಬುದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ.

ಧಾರವಾಡ, ಗದಗ, ಹಾವೇರಿ ಈ ನಮ್ಮ ಮೂರು ಜಿಲ್ಲೆಗಳಿಗೆ ಇನ್ನೊಂದು ವಿಶೇಷವಿದೆ, ಇದಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು. 1997ರವರೆಗೆ ಗದಗ, ಹಾವೇರಿ ಬೇರೆ ಜಿಲ್ಲೆಗಳಾಗಿರಲಿಲ್ಲ, ಧಾರವಾಡ ಜಿಲ್ಲೆಯೇ. ಆ ಧಾರವಾಡ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಜ್ಯ ಮರುವಿಂಗಡಣೆಯಾದ ದಿನ ಕಾನೂನುಗಳು ಬದಲಾಗಲಿಲ್ಲ. ಮರುವಿಂಗಡಣಾ ಅಧಿನಿಯಮದ 119ನೇ ಪ್ರಕರಣ, ಆಯಾ ಪ್ರದೇಶದಲ್ಲಿ ಇದ್ದ ಕಾನೂನು ಶಾಸಕಾಂಗ ಬದಲಿಸುವವರೆಗೆ ಅಲ್ಲಿಯೇ ಮುಂದುವರಿಯುತ್ತದೆ ಎಂದಿತು. ಹೀಗಾಗಿ ಮೈಸೂರಿನವರು ಒಂದು ಕಾಯ್ದೆ, ಕಲಬುರ್ಗಿಯವರು ಹೈದರಾಬಾದಿನ ಕಾಯ್ದೆ, ನಾವು ಮುಂಬಯಿ ಕಾಯ್ದೆ ಅನುಸರಿಸುತ್ತ ವರ್ಷಗಳೇ ಕಳೆದವು. ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ತರುವ ಕೆಲಸ ಒಂದೊಂದೇ ವಿಷಯದಲ್ಲಿ ನಡೆಯಿತು. ಮುಂಬಯಿ ಭೂಕಂದಾಯ ಸಂಹಿತೆ 1879 ನಮ್ಮಲ್ಲಿ ನಿಂತದ್ದು 1964ರ ಏಪ್ರಿಲ್ 1ರಂದು ಕರ್ನಾಟಕ ಭೂಕಂದಾಯ ಅಧಿನಿಯಮ ಜಾರಿಯಾದಾಗ. ಮುಂಬಯಿ ಗೇಣಿ ಕಾಯ್ದೆ 1948 ಹೋದದ್ದು ಭೂಸುಧಾರಣಾ ಅಧಿನಿಯಮ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಾಗ.

ಇದರಿಂದ ಇಂದಿಗೂ ಆಗುವ ಎಡವಟ್ಟು ಎರಡು. ಮೊದಲನೆಯದು, ಹಳೆ ಉತಾರ (ಪಹಣಿ), ಬಿನ್‌ಶೇತ್ಕಿ ಆದೇಶ (ಹೊಲವನ್ನು ಕೃಷಿಯೇತರ ಕೆಲಸಕ್ಕೆ ಬಳಸಲು ಕೊಟ್ಟ ಅನುಮತಿ), ಟ್ರಸ್ಟ್ ನೋಂದಣಿ ಪತ್ರಗಳಲ್ಲಿರುವ ಕಲಂ ನಂಬರನ್ನು ಈಗಿನ ಕಾಯ್ದೆಯಲ್ಲಿ ಹುಡುಕುವುದು. 1960ರ ಬಿನ್‌ಶೇತ್ಕಿ ಆದೇಶದಲ್ಲಿ ‘ಕಲಂ 65’ ಎಂದಿದ್ದರೆ ಅದು ಮುಂಬಯಿ ಸಂಹಿತೆಯದು; ಈಗ ಆ ಕೆಲಸ ಮಾಡುವುದು ಭೂಕಂದಾಯ ಅಧಿನಿಯಮದ 95ನೇ ಪ್ರಕರಣ. ಸವಣೂರು, ಶಿರಹಟ್ಟಿಯಂಥ ಸಂಸ್ಥಾನದ ಊರುಗಳಾದರೆ ಇನ್ನೊಂದು ಮೆಟ್ಟಿಲು ಹಿಂದೆ ಹೋಗಬೇಕು, ಅವು ಮುಂಬಯಿ ಪ್ರಾಂತಕ್ಕೆ ಸೇರಿದ್ದೇ 1948ರಲ್ಲಿ. ಎರಡನೆಯ ಎಡವಟ್ಟು ‘ಬೆಳಗಾಂ ಪ್ರದೇಶ’ ಎಂಬ ಮಾತಿನದು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾದಾಗ ಕಾನೂನುಗಳ ಹೆಸರು ಹೊಂದಿಸಲು ಒಂದು ಆದೇಶ ಬಂತು. ಶೀರ್ಷಿಕೆಗಳಲ್ಲಿದ್ದ ‘ಮೈಸೂರು’ ಹೋಗಿ ‘ಕರ್ನಾಟಕ’ ಆಯಿತು, ಒಳಗಿದ್ದ ‘ಮುಂಬಯಿ ಪ್ರದೇಶ’ ಹೋಗಿ ‘ಬೆಳಗಾಂ ಪ್ರದೇಶ’ ಆಯಿತು. ಗದಗದವರು ಇದನ್ನು ಓದಿ ‘ಇದು ಬೆಳಗಾವಿಯವರಿಗೆ, ನಮಗಲ್ಲ’ ಎಂದು ಪುಟ ತಿರುವಿಬಿಡುತ್ತಾರೆ. ಅದು ನಮಗೇ. ಹಳೆ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ನಾಲ್ಕೂ ಜಿಲ್ಲೆಗಳಿಗೆ ಆ ಹೆಸರು.

2. ಹೆಸರು ಮತ್ತು ಸಂಖ್ಯೆ ಎರಡನ್ನೂ ಬರೆದುಕೊಳ್ಳಿ

ಕಾಯ್ದೆಯ ಹೆಸರಿನಲ್ಲಿರುವ ವರ್ಷ ಬೇರೆ, ಸಂಖ್ಯೆಯ ವರ್ಷ ಬೇರೆ ಆಗಿರಬಹುದು. ಭೂಸುಧಾರಣಾ ಅಧಿನಿಯಮ 1961, ಸಂಖ್ಯೆ ಮಾತ್ರ 1962ರ 10. ಮುನಿಸಿಪಲ್ ಕಾರ್ಪೊರೇಷನ್‌ಗಳ ಅಧಿನಿಯಮ 1976, ಸಂಖ್ಯೆ 1977ರ 14. ಹಿಂದೂ ಧಾರ್ಮಿಕ ಸಂಸ್ಥೆಗಳ ಹಾಗೂ ಧರ್ಮಾದಾಯ ದತ್ತಿಗಳ ಅಧಿನಿಯಮವಂತೂ ಹೆಸರಿನಲ್ಲಿ 1997, ಸಂಖ್ಯೆಯಲ್ಲಿ 2001ರ 33, ಜಾರಿಯಾದದ್ದು 2003ರ ಮೇ 1. ಅನುಮತಿಗೆ ಹಿಡಿದ ಸಮಯ, ಜಾರಿಗೆ ಹಿಡಿದ ಸಮಯ ಇದಕ್ಕೆ ಕಾರಣ. ವರ್ಷವಾರು ಪಟ್ಟಿಯಲ್ಲಿ ಹುಡುಕುವಾಗ ಸಂಖ್ಯೆಯ ವರ್ಷವೇ ಬೇಕು. 1997ರ ಪಟ್ಟಿಯಲ್ಲಿ ಕಣ್ಣು ಹಾಯಿಸಿ ‘ಇಲ್ಲ’ ಎಂದು ಬಿಡಬೇಡಿ.

ಪದಗಳ ತೊಡಕೂ ಇದೆ. ನಮ್ಮ ಕಡೆ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ ‘ಕಲಂ’ ಎನ್ನುತ್ತಾರೆ, ಅಧಿನಿಯಮದ ಅಚ್ಚಿನಲ್ಲಿ ‘ಪ್ರಕರಣ’ ಎಂದಿರುತ್ತದೆ. ನಾವು ಕಾಯ್ದೆ ಎನ್ನುವುದು ಅಲ್ಲಿ ಅಧಿನಿಯಮ, ಸುಗ್ರೀವಾಜ್ಞೆ ಎನ್ನುವುದು ಅಧ್ಯಾದೇಶ. ‘ಆದರೆ’ ಎಂದು ಶುರುವಾಗಿ ಮೇಲಿನ ಮಾತಿಗೆ ವಿನಾಯಿತಿ ಹೇಳುವ ಭಾಗ ಪರಂತುಕ. ಇದನ್ನು ಬಿಟ್ಟು ಓದಿದವರೇ ಹೆಚ್ಚು ಮೋಸ ಹೋಗುವುದು.

3. ಸಂಕಲಿತ ಪಠ್ಯವನ್ನು ಅಡಿಟಿಪ್ಪಣಿಯಿಂದ ಓದಿ

ಇಲಾಖೆಯ ತಾಣದಿಂದ ಅಥವಾ ಇಂಡಿಯಾ ಕೋಡ್‌ನಿಂದ ಪಠ್ಯ ಇಳಿಸಿಕೊಂಡ ಕೂಡಲೇ ನಿಮಗೆ ಬೇಕಾದ ಪ್ರಕರಣಕ್ಕೆ ಹಾರಬೇಡಿ. ಮೊದಲ ಪುಟಗಳಲ್ಲಿ ತಿದ್ದುಪಡಿ ಅಧಿನಿಯಮಗಳ ಪಟ್ಟಿ ಇರುತ್ತದೆ. ಅದರಲ್ಲಿ ಕೊನೆಯ ಸಂಖ್ಯೆ ಯಾವುದೋ ಅಲ್ಲಿಯವರೆಗೆ ಮಾತ್ರ ಈ ಪ್ರತಿ ತಾಜಾ. ಆ ಸಂಖ್ಯೆಯನ್ನು ಪ್ರತಿಯ ನೆತ್ತಿಯ ಮೇಲೆ ಪೆನ್ನಿನಿಂದ ದೊಡ್ಡದಾಗಿ ಬರೆದಿಡಿ.

ಈಗ ಪ್ರಕರಣಕ್ಕೆ ಬನ್ನಿ. ಪದಗಳ ಮುಂದೆ ಪುಟ್ಟ ಅಂಕಿ, ಚೌಕ ಕಂಸ, ಕಂಸ ಮುಚ್ಚಿದಲ್ಲಿ ಮತ್ತೆ ಅದೇ ಅಂಕಿ ಕಾಣುತ್ತದೆ. ಕಂಸದ ಒಳಗಿನದು ಮೂಲದ ಮಾತಲ್ಲ, ಆಮೇಲೆ ಬಂದದ್ದು. ಅದೇ ಅಂಕಿಯ ಅಡಿಟಿಪ್ಪಣಿ ಪುಟದ ಕೆಳಗೆ ನಾಲ್ಕು ವಿಷಯ ಹೇಳುತ್ತದೆ: ಏನಾಯಿತು, ಯಾವ ಅಧಿನಿಯಮದಿಂದ, ಯಾವ ವರ್ಷದ್ದು, ಯಾವ ದಿನದಿಂದ. ‘1974ರ ಅಧಿನಿಯಮ 1ರ ಮೂಲಕ ಪ್ರತಿಯೋಜಿಸಲಾಗಿದೆ, 1-3-1974ರಿಂದ ಜಾರಿಗೆ ಬರುವಂತೆ’ ಎಂಬಂಥ ಸಾಲು. ಭೂಸುಧಾರಣಾ ಅಧಿನಿಯಮದ ಪುಟಪುಟದಲ್ಲೂ ಇದು ಎದುರಾಗುತ್ತದೆ, ಏಕೆಂದರೆ ಗೇಣಿದಾರರಿಗೆ ಭೂಮಿ ಕೊಟ್ಟ ಆ ತಿದ್ದುಪಡಿ ಇಡೀ ಕಾಯ್ದೆಯ ಮೈಯನ್ನೇ ಬದಲಿಸಿತು. ‘ಪ್ರತಿಯೋಜಿಸಿದೆ’ ಎಂದರೆ ಹಳೆಯದು ತೆಗೆದು ಹೊಸದು ಕೂರಿಸಿದ್ದು, ‘ಸೇರಿಸಿದೆ’ ಎಂದರೆ ಅಲ್ಲಿ ಮೊದಲು ಏನೂ ಇರಲಿಲ್ಲ, ‘ಬಿಟ್ಟುಬಿಡಲಾಗಿದೆ’ ಎಂದರೆ ಇದ್ದದ್ದು ಹೋಯಿತು. ಬಿಟ್ಟ ಕಡೆ ಸಾಮಾನ್ಯವಾಗಿ ನಕ್ಷತ್ರ ಚಿಹ್ನೆಗಳಿರುತ್ತವೆ. ಪ್ರಕರಣದ ಸಂಖ್ಯೆಯನ್ನು ಮಾತ್ರ ಬದಲಿಸುವುದಿಲ್ಲ. 79 ಆದ ಮೇಲೆ ಹೊಸದು ಬಂದರೆ 79ಎ, ಹೋದರೆ ಆ ಸಂಖ್ಯೆ ಖಾಲಿ. ಇಲ್ಲದಿದ್ದರೆ ಅದನ್ನು ಉಲ್ಲೇಖಿಸಿದ ನೂರಾರು ಆದೇಶ, ತೀರ್ಪುಗಳೆಲ್ಲ ದಿಕ್ಕು ತಪ್ಪುತ್ತಿದ್ದವು.

ನೀವು ಕೇಳುತ್ತಿರುವುದು ಹಳೆಯ ವ್ಯವಹಾರದ ಬಗ್ಗೆಯಾದರೆ ಅಡಿಟಿಪ್ಪಣಿಗಳನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ತಿದ್ದುಪಡಿ ಸಂಖ್ಯೆ, ಪ್ರಕರಣ, ಬದಲಾದ ಪದ, ಜಾರಿ ದಿನ ಬರೆದುಕೊಳ್ಳಿ. ನಿಮ್ಮ ದಿನದ ನಂತರ ಬಂದ ಬದಲಾವಣೆಗಳನ್ನು ಒಂದೊಂದಾಗಿ ಕಳೆಯುತ್ತ ಹೋದರೆ ಆ ದಿನದ ಪಠ್ಯ ಸಿಗುತ್ತದೆ. ಕಳೆಯುವಾಗ ಹಳೆ ಪದ ಏನಿತ್ತೆಂದು ಟಿಪ್ಪಣಿ ಹೇಳದಿದ್ದರೆ ಆ ತಿದ್ದುಪಡಿಯ ರಾಜ್ಯಪತ್ರವನ್ನೇ ತೆರೆಯಬೇಕು.

4. ಮಿಕ್ಕ ಅಂತರವನ್ನು ರಾಜ್ಯಪತ್ರದಲ್ಲಿ ತುಂಬಿಸಿ

ಪ್ರತಿಯ ನೆತ್ತಿಯಲ್ಲಿ ಬರೆದುಕೊಂಡ ಕೊನೆಯ ತಿದ್ದುಪಡಿಯಿಂದ ಇಂದಿನವರೆಗೆ ಏನಾಗಿದೆ ಎಂದು ನೋಡುವ ಹಂತ ಇದು, ಬಹಳ ಜನ ಬಿಡುವ ಹಂತವೂ ಇದೇ. ಇಲಾಖೆಯ ತಾಣದಲ್ಲಿ ವರ್ಷವಾರು ಹೊಸ ಅಧಿನಿಯಮಗಳ ಪಟ್ಟಿ ನೋಡಿ, ನಿಮ್ಮ ಕಾಯ್ದೆಯ ಹೆಸರಿನ ಮುಂದೆ ‘ತಿದ್ದುಪಡಿ’ ಎಂದಿರುವುದನ್ನೆಲ್ಲ ಗುರುತಿಸಿಕೊಳ್ಳಿ. ಹೆಸರೇ ಬೇರೆ ಇರುವ ಅಧಿನಿಯಮವೂ ನಿಮ್ಮ ಕಾಯ್ದೆಯನ್ನು ಮುಟ್ಟಬಹುದು: ‘ಮತ್ತು ಕೆಲವು ಇತರ ಕಾನೂನು’ ಎಂಬ ಪದಗಳಿದ್ದರೆ ತೆರೆದು ನೋಡಲೇಬೇಕು. ಹೊಸ ಕಾಯ್ದೆಯ ಕೊನೆಯಲ್ಲಿರುವ ‘ನಿರಸನ ಮತ್ತು ಉಳಿಸುವಿಕೆ’ ಪ್ರಕರಣ ಹಳೆಯದನ್ನು ಪೂರ್ತಿ ತೆಗೆದುಹಾಕಿರಲೂಬಹುದು. ಸುಗ್ರೀವಾಜ್ಞೆಗಳ ಪಟ್ಟಿ ಬೇರೆ. ಸಂವಿಧಾನದ 213ನೇ ಅನುಚ್ಛೇದದಂತೆ ಸುಗ್ರೀವಾಜ್ಞೆಗೆ ಕಾಯ್ದೆಯಷ್ಟೇ ಬಲ, ಆದರೆ ಶಾಸಕಾಂಗ ಮತ್ತೆ ಸೇರಿ ಆರು ವಾರ ಕಳೆದರೆ ಅದರ ಆಯುಷ್ಯ ಮುಗಿಯಿತು. ಆಮೇಲೆ ಅದೇ ವಿಷಯದ ಅಧಿನಿಯಮ ಬಂದಿದೆಯೇ ಎಂದು ಹುಡುಕಿ.

ಇ-ರಾಜ್ಯಪತ್ರ ತಾಣದಲ್ಲಿ ಪಿಡಿಎಫ್ ತೆರೆದಾಗ ತಲೆಬರಹವನ್ನು ಸಾವಕಾಶ ಓದಿ. ‘ಅಧಿಕೃತವಾಗಿ ಪ್ರಕಟಿಸಲಾದುದು’ ಎಂಬ ಸಾಲು, ‘ವಿಶೇಷ ರಾಜ್ಯ ಪತ್ರಿಕೆ’ ಎಂಬುದು, ಭಾಗ IVA, ಬೆಂಗಳೂರು, ವಾರ, ಇಂಗ್ಲಿಷ್ ತಾರೀಖು, ಕಂಸದಲ್ಲಿ ಶಕ ವರ್ಷದ ಮಾಸ ಮತ್ತು ದಿನ, ಕೊನೆಗೆ ಸಂಚಿಕೆಯ ನಂಬರು. ಮಾಮೂಲಿ ರಾಜ್ಯಪತ್ರ ಗುರುವಾರ ಬರುತ್ತದೆ, ವಿಶೇಷದ್ದು ಯಾವ ದಿನ ಬೇಕಾದರೂ. ಅಧಿನಿಯಮ, ವಿಧೇಯಕ, ನಿಯಮಗಳಿಗೆ ಭಾಗ IVA ನೋಡಬೇಕು. ತಲೆಬರಹದ ಕೆಳಗೆ ‘ಸಂವ್ಯಶಾಇ’ (ಶಾಸನ ರಚನೆ ಇಲಾಖೆಯ ಹೆಸರಿನ ಮೊದಲಕ್ಷರಗಳು) ಎಂದು ಶುರುವಾಗುವ, ನಡುವೆ ‘ಶಾಸನ’ ಎಂಬ ಪದವಿರುವ ಕಡತ ಸಂಖ್ಯೆ ಇರುತ್ತದೆ. ಇಲಾಖೆಗೆ ಏನೇ ಬರೆದರೂ ಈ ಸಂಖ್ಯೆ ಹಾಕಿದರೆ ಕಡತ ಬೇಗ ಸಿಗುತ್ತದೆ. ತಾಣದ ಪ್ರತಿ ‘ನಿಜವಾದ’ ರಾಜ್ಯಪತ್ರವೇ ಎಂಬ ಅನುಮಾನ ಬೇಡ: ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 8ನೇ ಪ್ರಕರಣ ವಿದ್ಯುನ್ಮಾನ ರಾಜ್ಯಪತ್ರಕ್ಕೂ ಅಚ್ಚಿನ ರಾಜ್ಯಪತ್ರಕ್ಕೂ ಒಂದೇ ಬೆಲೆ ಕೊಟ್ಟಿದೆ, ಯಾವ ರೂಪದಲ್ಲಿ ಮೊದಲು ಬಂತೋ ಆ ದಿನವೇ ಪ್ರಕಟಣೆಯ ದಿನ.

ಹುಡುಕುವಾಗ ಕೈಕೊಡುವುದು ಅಕ್ಷರ. ಬಹಳಷ್ಟು ಕನ್ನಡ ಪಿಡಿಎಫ್‌ಗಳು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ‘ಭೂಮಿ’ ಎಂದು ಟೈಪಿಸಿ ಹುಡುಕಿದರೆ ‘ಏನೂ ಸಿಗಲಿಲ್ಲ’ ಎನ್ನುತ್ತದೆ, ಪದ ಮುಂದೆಯೇ ಇರುತ್ತದೆ. ಹಾಗಾದಾಗ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಗೋಜಲು ಬಂದರೆ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಏನೂ ಬರದಿದ್ದರೆ ಅದು ಸ್ಕ್ಯಾನ್ ಚಿತ್ರ, ಕಣ್ಣಿನಿಂದಲೇ ಓದಬೇಕು. ಅದೇ ಪಿಡಿಎಫ್‌ನಲ್ಲಿ ಇಂಗ್ಲಿಷ್ ಪಠ್ಯವಿದ್ದರೆ ಅದರಲ್ಲಿ ಪ್ರಕರಣ ಸಂಖ್ಯೆ ಹುಡುಕಿ ಜಾಗ ಪತ್ತೆ ಮಾಡಿ, ನಂತರ ಕನ್ನಡಕ್ಕೆ ಬರುವುದು ಸುಲಭದ ಉಪಾಯ. ಪ್ರಕಟವಾದ ಮೇಲೆ ಅಚ್ಚಿನ ತಪ್ಪಿಗೆ ತಿದ್ದೋಲೆ ಬಂದಿದೆಯೇ ಎಂದು ಮುಂದಿನ ಕೆಲವು ಸಂಚಿಕೆಗಳನ್ನೂ ನೋಡಿ.

5. ಜಾರಿ ದಿನ ಬೇರೆ, ಪ್ರಕಟಣೆ ದಿನ ಬೇರೆ

1ನೇ ಪ್ರಕರಣ ಓದಿ. ‘ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು ಜಾರಿಗೆ ಬರತಕ್ಕದ್ದು’ ಎಂದಿದ್ದರೆ ಆ ಅಧಿಸೂಚನೆ ಸಿಗುವವರೆಗೆ ನಿಮ್ಮ ಹುಡುಕಾಟ ಮುಗಿದಿಲ್ಲ. ಬೇರೆ ಬೇರೆ ಪ್ರಕರಣಗಳಿಗೆ ಬೇರೆ ಬೇರೆ ದಿನವೂ ಇರಬಹುದು.

ಮತ್ತೆ 79ಎಗೆ ಬರೋಣ. ಅದನ್ನೂ 79ಬಿ, 79ಸಿಯನ್ನೂ 2020ರಲ್ಲಿ ತೆಗೆದರು, ಜುಲೈಯಲ್ಲಿ ಸುಗ್ರೀವಾಜ್ಞೆಯಾಗಿ, ಆಮೇಲೆ ಅಧಿನಿಯಮವಾಗಿ. ಅಂದಮೇಲೆ 2012ರ ಖರೀದಿಗೆ ಹಳೆಯ ನಿರ್ಬಂಧ ಅನ್ವಯವೇ? ಮಾಮೂಲಿ ಲೆಕ್ಕದಲ್ಲಿ ಹೌದು. ನಿರಸನವಾದರೂ, ಅಂದರೆ ರದ್ದಾದರೂ, ಅದಕ್ಕೆ ಮೊದಲು ಹುಟ್ಟಿದ ಹಕ್ಕು, ಹೊಣೆ ಉಳಿಯುತ್ತವೆ ಎಂಬುದು ಕಾಯ್ದೆಗಳನ್ನು ಓದುವ ಸೂತ್ರ ಹೇಳುವ ಸಾಮಾನ್ಯ ಖಂಡಗಳ ಅಧಿನಿಯಮದ ತತ್ವ. ಆದರೆ ಈ ತಿದ್ದುಪಡಿ ಆ ಪ್ರಕರಣಗಳನ್ನು 1974ರ ಮಾರ್ಚ್ 1ರಿಂದಲೇ ಬಿಟ್ಟುಬಿಟ್ಟಂತೆ ಭಾವಿಸತಕ್ಕದ್ದು ಎಂದಿದೆ. ಪ್ರಕಟಣೆ 2020ರದು, ಪರಿಣಾಮ ನಲವತ್ತಾರು ವರ್ಷ ಹಿಂದಿನಿಂದ. ಪ್ರಕಟಣೆಯ ತಾರೀಖನ್ನಷ್ಟೇ ನೋಡಿದವರು ಇಲ್ಲಿ ಪೂರ್ತಿ ಉಲ್ಟಾ ಉತ್ತರ ಹೇಳಿಬಿಡುತ್ತಾರೆ.

ನ್ಯಾಯಾಲಯದ ತೀರ್ಪು ಸಂಕಲಿತ ಪಠ್ಯದಲ್ಲಿ ಕಾಣುವುದಿಲ್ಲ, ಇದೂ ನೆನಪಿರಲಿ. ಹೈಕೋರ್ಟ್ ಒಂದು ಪ್ರಕರಣವನ್ನು ಅಸಾಂವಿಧಾನಿಕ ಎಂದರೂ ಅಚ್ಚಿನಲ್ಲಿ ಅದು ಹಾಗೇ ಕೂತಿರುತ್ತದೆ. ಮೇಲೆ ಹೇಳಿದ ಧಾರ್ಮಿಕ ಸಂಸ್ಥೆಗಳ ಅಧಿನಿಯಮವನ್ನು ಹೈಕೋರ್ಟ್ 2006ರಲ್ಲಿ ರದ್ದುಪಡಿಸಿತ್ತು, ಸುಪ್ರೀಂ ಕೋರ್ಟಿನ ತಡೆಯಿಂದ ಅದು ಉಳಿದುಕೊಂಡಿತು. ಹಣ, ಜಮೀನು ತೊಡಗಿರುವ ವಿಷಯವಾದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವವರೊಬ್ಬರಿಗೆ ‘ಈ ಪ್ರಕರಣದ ಮೇಲೆ ತೀರ್ಪು ಇದೆಯೇ’ ಎಂಬ ಒಂದೇ ಪ್ರಶ್ನೆ ಕೇಳಿ.

6. ನಿಯಮ, ಸುತ್ತೋಲೆ, ಭಾಷೆ

ಅರ್ಜಿ ನಮೂನೆ, ಶುಲ್ಕ, ದಿನಗಳ ಗಡುವು ಬಹುಪಾಲು ಕಾಯ್ದೆಯಲ್ಲಿ ಇರುವುದಿಲ್ಲ, ಅದರಡಿಯ ನಿಯಮಗಳಲ್ಲಿರುತ್ತವೆ. ಭೂಕಂದಾಯಕ್ಕೆ 1966ರ ನಿಯಮಗಳಿರುವಂತೆ. ನಿಯಮಗಳನ್ನು ಆಯಾ ಇಲಾಖೆ ಮಾಡುತ್ತದೆ, ಕಂದಾಯ ಇಲಾಖೆಯ ನಿಯಮ ಶಾಸನ ಇಲಾಖೆಯ ತಾಣದಲ್ಲಿ ಸಿಗದೇ ಹೋಗಬಹುದು. ಮೊದಲು ಕರಡು ಬರುತ್ತದೆ, ಆಕ್ಷೇಪಣೆಗೆ ಇಷ್ಟು ದಿನ ಎಂದು ಅದರಲ್ಲೇ ಬರೆದಿರುತ್ತದೆ. ಆ ಕರಡನ್ನೇ ಜಾರಿಯಾದ ನಿಯಮವೆಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಪದೇಪದೇ ನಡೆಯುತ್ತದೆ. ಶೀರ್ಷಿಕೆಯಲ್ಲಿ ‘ಕರಡು’ ಪದ ಇದೆಯೇ ಎಂದು ನೋಡಿದರೆ ಸಾಕು. ಸುತ್ತೋಲೆ ಅಧಿಕಾರಿಗಳಿಗೆ ಕೊಟ್ಟ ಸೂಚನೆ, ಅದು ಕಾಯ್ದೆಯನ್ನು ಮೀರುವಂತಿಲ್ಲ. ‘ಸುತ್ತೋಲೆ ಬಂದದ’ ಎಂದು ಯಾರಾದರೂ ಅರ್ಜಿ ಹಿಂತಿರುಗಿಸಿದರೆ ಅದರ ಸಂಖ್ಯೆ, ತಾರೀಖು, ಅದು ಯಾವ ಪ್ರಕರಣದ ಅಡಿಯಲ್ಲಿದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ.

ಕನ್ನಡ ಪಠ್ಯ ಓದಿ ಅರ್ಥ ಮಾಡಿಕೊಳ್ಳುವುದು ನಮ್ಮ ಹಕ್ಕು, ಓದಲೇಬೇಕು. ಆದರೆ ಸಂವಿಧಾನದ 348ನೇ ಅನುಚ್ಛೇದದಂತೆ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಇಂಗ್ಲಿಷಿನ ಅಧಿಕೃತ ಪಠ್ಯ. ಕನ್ನಡದಲ್ಲಿ ಒಂದು ಪದ ಎರಡರ್ಥ ಕೊಟ್ಟರೆ ಅದೇ ಸಾಲನ್ನು ಇಂಗ್ಲಿಷಿನಲ್ಲೂ ನೋಡಿ, ಹೈಕೋರ್ಟಿನ ಮುಂದೆ ಅದಕ್ಕೇ ತೂಕ.

ಎಲ್ಲಿಯೂ ಸಿಗದಿದ್ದರೆ

ಹಳೆ ಮುಂಬಯಿ ಕಾಯ್ದೆಗಳಿಗೆ, ತಾಣಕ್ಕೆ ಏರದ ಹಳೆ ರಾಜ್ಯಪತ್ರಗಳಿಗೆ ಹುಬ್ಬಳ್ಳಿ ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ, ಹತ್ತಿರದ ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ, ವಕೀಲರ ಸಂಘದಲ್ಲಿ ವಿಚಾರಿಸಿ. ಹೋಗುವಾಗ ಅಧಿನಿಯಮ ಸಂಖ್ಯೆ, ವರ್ಷ, ಪ್ರಕರಣ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಜಾರಿ ಅಧಿಸೂಚನೆಯೋ ನಿಯಮವೋ ಅಲ್ಲಿಯೂ ಸಿಗದಿದ್ದರೆ ಸಂಬಂಧಪಟ್ಟ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, ಎ4 ಪುಟಕ್ಕೆ ಪ್ರತಿ ಪುಟ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು ಕಾಯ್ದೆಗಳ ಬಗ್ಗೆ ಕೇಳುವುದಿದ್ದರೆ ಎರಡು ಅರ್ಜಿ ಬರೆಯಿರಿ. ‘ಈ ಕಾಯ್ದೆ ಜಾರಿಯಲ್ಲಿದೆಯೇ’ ಎಂದು ಅಭಿಪ್ರಾಯ ಕೇಳಬೇಡಿ, ಅದಕ್ಕೆ ಉತ್ತರ ಕೊಡುವ ಹೊಣೆ ಅವರದಲ್ಲ ಎಂದು ಹಿಂಬರಹ ಬರುತ್ತದೆ. ‘ಇಂಥ ವರ್ಷದ ಇಂಥ ಸಂಖ್ಯೆಯ ಅಧಿನಿಯಮದ 1ನೇ ಪ್ರಕರಣದಡಿ ಜಾರಿ ದಿನಾಂಕ ಗೊತ್ತುಪಡಿಸಿ ಹೊರಡಿಸಿದ ಅಧಿಸೂಚನೆಯ ದೃಢೀಕೃತ ಪ್ರತಿ’ ಎಂದು ಕಾಗದವನ್ನೇ ಕೇಳಿ. 30 ದಿನದೊಳಗೆ ಕೊಡಬೇಕು. ಅಂಥ ಅಧಿಸೂಚನೆ ಕಡತದಲ್ಲಿ ಇಲ್ಲ ಎಂದು ಬರೆದುಕೊಟ್ಟರೆ ಆ ಪತ್ರವನ್ನೂ ಕಾಯ್ದೆಯ ಪ್ರತಿಯ ಜೊತೆ ಲಗತ್ತಿಸಿ ಇಟ್ಟುಕೊಳ್ಳಿ.